ಗಿರಣಿಯ ಗೋಡೆ

ಗಿರಣಿ ಮನೆಯ ಸೊಸೆಗೆ ಕಾರ್ಡು ಬಂದಾಗ ಜೊತೆಗೊಂದು ಕೊಡೆಯೂ ಬಂದಿತ್ತು. ಬಟ್ಟೆ ಕಾರ್ಖಾನೆಯ ಗೇಟಿನ ಮುಂದೆ ಬ್ಯಾಂಕಿನ ಹುಡುಗರು ಮೇಜು ಹಾಕಿಕೊಂಡು ಕೂತಿದ್ದರು. ಸಂಬಳದ ಚೀಟಿ ತೋರಿಸಿದವರಿಗೆಲ್ಲ ಕಾರ್ಡು, ಮೇಲೊಂದು ಮಡಚುವ ಕೊಡೆ ಪುಕ್ಕಟೆ. ಗಂಡನ ಕೈಗೂ ಒಂದು ಜೊತೆ ಕಾರ್ಡು ಕೊಡುತ್ತೇವೆ, ಲೆಕ್ಕ ಮಾತ್ರ ನಿಮ್ಮ ಹೆಸರಿನಲ್ಲೇ ಅಂದರು. ಬೇಡ ಅನ್ನುವುದಕ್ಕೆ ಅವಳಿಗೆ ಕಾರಣ ಹೊಳೆಯಲಿಲ್ಲ. ಕೊಡೆ ಎರಡನೆಯ ಮಳೆಗೇ ಕಡ್ಡಿ ಮುರಿದುಕೊಂಡು ಮೂಲೆ ಸೇರಿತು. ಕಾರ್ಡು ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಮೊದಲು ಗಿರಣಿಯ ಮೋಟಾರು ಸುಟ್ಟಿತು. "ಕಾರ್ಡಿದೆಯಲ್ಲ" ಅಂದ ಗಂಡ. ಆಮೇಲೆ ಅತ್ತೆಯ ಮಂಡಿಗೆ ಆಪರೇಷನ್ ಆಯಿತು. ದುಡ್ಡು ಕಟ್ಟದೆ ಹಾಸಿಗೆ ಕೊಡುವುದಿಲ್ಲ ಎಂದು ಆಸ್ಪತ್ರೆಯವರು ಕಡ್ಡಿ ಮುರಿದ ಹಾಗೆ ಹೇಳಿದರು, ಕಾರ್ಡಿತ್ತು. ಮೈದುನ ಸಾಮಾನು ಸಾಗಿಸುವ ವ್ಯಾನು ಕೊಂಡಾಗ ಮುಂಗಡಕ್ಕೆ ಕಾರ್ಡು, ವ್ಯಾನಿಗೆ ದಾರಿ ತೋರಿಸಲು ಒಳ್ಳೆಯ ಫೋನು ಬೇಕು ಅಂದಾಗ ಮತ್ತೆ ಕಾರ್ಡು. ಒಂದು ಬೇಸಗೆಯಲ್ಲಿ ಫ್ರಿಜ್ಜು ಬಂತು. ನಾದಿನಿಯ ಮಗುವಿಗೆ ಉಂಗುರ ಹೋಯಿತು. ಯಾರಿಗೆ ಏನು ಬೇಕೆನಿಸಿದರೂ ಆ ಒಂದು ಮಾತು ಮನೆಯಲ್ಲಿ ಬಾಯಿಂದ ಬಾಯಿಗೆ ಚೆಂಡಿನ ಹಾಗೆ ಹಾರುತ್ತಿತ್ತು. ಕನಿಷ್ಠ ಇಷ್ಟಾದರೂ ಕಟ್ಟಿ ಎಂದು ತಿಂಗಳು ತಿಂಗಳು ಬರುತ್ತಿದ್ದ ಮೊತ್ತವನ್ನು ಸೊಸೆ ತನ್ನ ಸಂಬಳದಿಂದ ಕಟ್ಟುತ್ತಿದ್ದಳು. ಕಟ್ಟಿದ್ದೆಲ್ಲ ಬಡ್ಡಿಯ ಬಾಯಿಗೇ ಹೋಗುತ್ತಿತ್ತು. ತಳದಲ್ಲಿ ಸೆಲೆಯಿರುವ ಗುಂಡಿಯ ನೀರನ್ನು ಲೋಟದಲ್ಲಿ ಎತ್ತಿ ಚೆಲ್ಲಿದ ಹಾಗೆ, ಎತ್ತಿದಷ್ಟೂ ಒಸರುತ್ತಿತ್ತು.

ಅವಳದು ಕಾರ್ಖಾನೆಯಲ್ಲಿ ಅಂಗಿ ಮಡಚುವ ಕೆಲಸ. ಕಾಲರಿನೊಳಗೆ ರಟ್ಟು ಸಿಕ್ಕಿಸಿ, ತೋಳು ಹಿಂದಕ್ಕೆ ಮಡಿಸಿ, ಪಿನ್ನು ಚುಚ್ಚಿ, ಕವರಿಗೆ ಇಳಿಸಬೇಕು. ಎರಡು ತಿಂಗಳು ಕನಿಷ್ಠವನ್ನೂ ಕಟ್ಟಲಾಗದೆ ಹೋದಾಗ ಬ್ಯಾಂಕಿನವರು ಅವಳ ಫೋನು ಬಿಟ್ಟು ಕಾರ್ಖಾನೆಯ ಆಫೀಸಿಗೇ ಫೋನು ಮಾಡತೊಡಗಿದರು. ಮ್ಯಾನೇಜರು ಅವಳನ್ನು ಕರೆದು, ಕುಳಿತುಕೊ ಎಂದೂ ಹೇಳದೆ ಮಾತಾಡಿದ.

"ನಿನ್ನ ಸಾಲದವರ ಫೋನ್ ಎತ್ತೋಕೆ ನನಗೇನೂ ಸಂಬಳ ಕೊಡಲ್ಲಮ್ಮ ಇಲ್ಲಿ."

"ಇನ್ಮೇಲೆ ಬರಲ್ಲ ಸಾರ್."

"ಬಂದ್ರೆ ನೀನು ಬರೋದು ಬೇಡ. ಅಂಗಿ ಮಡಚೋಕೆ ಜನ ಗೇಟಲ್ಲಿ ನಿಂತಿದಾರೆ."

ಅವತ್ತು ಊಟದ ಬಿಡುವಿನಲ್ಲಿ ಅವಳು ರಟ್ಟಿನ ಪೆಟ್ಟಿಗೆಗಳ ಮರೆಗೆ ಹೋಗಿ ತಾನೇ ಬ್ಯಾಂಕಿಗೆ ಫೋನು ಮಾಡಿದಳು. ನಾಲ್ಕು ಜನರ ಕೈಗೆ ದಾಟಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಮುಂದಿನ ತಿಂಗಳ ಕೊನೆಯೊಳಗೆ ಬಾಕಿಯ ಕಾಲು ಭಾಗ ಕಟ್ಟಿದರೆ, ಉಳಿದ ಮುಕ್ಕಾಲಿಗೆ ಬಡ್ಡಿ ಇಳಿಸಿ ಎರಡು ವರ್ಷದ ಕಂತು ಮಾಡಿಕೊಡುತ್ತೇವೆ. ಆಫೀಸಿಗೆ ಫೋನೂ ನಿಲ್ಲುತ್ತದೆ. ಆದರೆ ಅಷ್ಟರೊಳಗೆ ಕಾರ್ಡಿನಿಂದ ಹೊಸದಾಗಿ ಒಂದು ಕಾಸು ಖರ್ಚಾದರೂ ಈ ಮಾತು ಇಲ್ಲ. ಸೊಸೆ ಅದನ್ನು ಹುಡುಗಿಯ ಬಾಯಿಂದ ಎರಡು ಸಲ ಹೇಳಿಸಿಕೊಂಡಳು.

ಆ ರಾತ್ರಿ ಎಲ್ಲರಿಗೂ ಬಡಿಸಿ ಮುಗಿಸಿ, ತನ್ನ ತಟ್ಟೆ ಇಟ್ಟುಕೊಳ್ಳದೆ, ದಾರ ಕತ್ತರಿಸುವ ಕತ್ತರಿ ಹಿಡಿದು ಬಂದು ಕೂತಳು.

"ಇದೇನು ಅತ್ತಿಗೆ, ಊಟ ಮುಗಿಯೋ ಮುಂಚೆ ನಾಲಿಗೆ ಕತ್ತರಿಸ್ತೀರಾ?" ಅಂದ ಮೈದುನ.

"ನಿಮ್ಮ ನಾಲಿಗೆ ಅಲ್ಲ, ಇದು." ಕಾರ್ಡನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ನಡುವಿಗೆ ಕತ್ತರಿಸಿದಳು. ಆ ಪ್ಲಾಸ್ಟಿಕ್ಕು ಸುಲಭವಾಗಿ ಬಗ್ಗಲಿಲ್ಲ. ಎರಡು ಕೈ ಹಾಕಬೇಕಾಯಿತು. "ನಿಮ್ಮದೂ ಕೊಡಿ" ಎಂದು ಗಂಡನ ಕಡೆ ಕೈ ಚಾಚಿದಳು.

"ನನ್ನದೆಲ್ಲಿದೆ? ಮೋಟಾರು ಕೂರಿಸೋವಾಗಲೇ ಗಿರಣೀಲಿ ಎಲ್ಲೋ ಬಿದ್ದುಹೋಯ್ತಲ್ಲ."

"ನನಗೆ ಹೇಳ್ಲೇ ಇಲ್ವಲ್ಲ!"

"ಹೇಳೋದೇನು, ಯಾರದೋ ಗೋಧಿ ಜೊತೆ ಬೀಸಿ ಹೋಗಿರ್ಬೇಕು."

"ಅದಕ್ಕೇ ಆ ವಾರ ರೊಟ್ಟಿ ಗಟ್ಟಿ ಆಗಿತ್ತು ಅಪ್ಪ" ಅಂದಳು ಮಗಳು. ಎಂಟನೆಯ ತರಗತಿ ಓದುತ್ತಿದ್ದ ಅವಳ ಬಾಯಿ ಅಜ್ಜಿಯದೇ. ಎಲ್ಲರೂ ನಕ್ಕರು. ಸೊಸೆಗೂ ನಗು ಬಂತು. ಕಳೆದ ಕಾರ್ಡನ್ನು ಮುಚ್ಚಿಸಿ ಎಂದು ಬ್ಯಾಂಕಿಗೆ ಹೇಳಬೇಕಿತ್ತು. ಆ ನಗುವಿನಲ್ಲಿ ಅದು ತೇಲಿಹೋಯಿತು.

ಅವಳು ತನ್ನ ಯೋಜನೆ ಹೇಳಿದಳು. ಅವಳ ಸಂಬಳದಲ್ಲಿ ಬಸ್ಸಿನ ಖರ್ಚು ಬಿಟ್ಟು ಎಲ್ಲವೂ ಸಾಲಕ್ಕೆ. ದಿನಾ ಎರಡು ಗಂಟೆ ಹೆಚ್ಚಿಗೆ ಕೆಲಸ. ಮೈದುನ ವಾರ ವಾರ ವ್ಯಾನಿನ ಬಾಡಿಗೆಯಿಂದ ಇಷ್ಟು ಕೊಡಬೇಕು. ಮೊಟ್ಟೆ, ಹಣ್ಣು, ಪೊಟ್ಟಣದ ತಿಂಡಿ ನಿಲ್ಲಬೇಕು. ಹಿಟ್ಟು ಹೇಗೂ ಮನೆಯದೇ.

"ಇಷ್ಟೂ ಸೇರಿಸಿದ್ರೂ ಕಾಲು ಭಾಗ ಆಗಲ್ಲ. ಅದಕ್ಕೆ..." ಅವಳು ಅತ್ತೆಯ ಮುಖ ನೋಡದೆ ಹೇಳಿದಳು, "ಗೋಡೆ ಬಾಕಿ ವಸೂಲಿ ಮಾಡ್ಬೇಕು."

ಅತ್ತೆ ತುತ್ತನ್ನು ತಟ್ಟೆಗೆ ವಾಪಸು ಇಟ್ಟಳು.

ಗೋಡೆ ಎಂದರೆ ಗಿರಣಿಯ ಒಳಗೋಡೆ. ಕಾಳು ಸುರಿಯುವ ಬಾಯಿಯ ಪಕ್ಕದಿಂದ ಬಾಗಿಲಿನವರೆಗೆ, ಹಿಟ್ಟಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ ಗೋಡೆ. ತೀರಿಹೋದ ಮಾವನಿಗೆ ಓದುಬರಹ ಬರುತ್ತಿರಲಿಲ್ಲ. ಬೀಸಿಸಿಕೊಂಡು ದುಡ್ಡು ಆಮೇಲೆ ಕೊಡುತ್ತೇವೆ ಅಂದವರ ಹೆಸರಿಗೆ ಅವನು ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಿಟ್ಟಿದ್ದ. ಕ್ಷೌರಿಕನ ಮನೆಗೆ ಬಾಚಣಿಗೆ, ಮೇಷ್ಟರ ಮನೆಗೆ ಕನ್ನಡಕ, ಟೀ ಅಂಗಡಿಯವನಿಗೆ ಲೋಟ, ಸೂಲಗಿತ್ತಿ ಮುದುಕಿಗೆ ತೊಟ್ಟಿಲು. ಒಂದು ಡಬ್ಬ ಬೀಸಿದರೆ ಗುರುತಿನ ಮುಂದೆ ಒಂದು ಗೀಟು; ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡ. ದುಡ್ಡು ತಂದವರ ಎದುರಿಗೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಒರೆಸಿದ್ದು ತೀರಿತು ಎಂದೇ ಲೆಕ್ಕ. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ತೀರದೆ ಒರೆಸುವ ಹಾಗೂ ಇಲ್ಲ. ಮತ್ತೆ, ಯಾರನ್ನೂ ಕೇಳುವ ಹಾಗಿಲ್ಲ. ಗೋಡೆ ಎಲ್ಲರ ಕಣ್ಣೆದುರಿಗೇ ಇದೆ. ನೋಡಿದವರಿಗೆ ತಾನಾಗಿ ನೆನಪಾಗಬೇಕು. ಮಾವ ಸತ್ತ ಮೇಲೆ ಸೀಮೆಸುಣ್ಣ ಅತ್ತೆಯ ಕೈಗೆ ಬಂದಿತ್ತು. ಕಟ್ಟಳೆಯೂ ಜೊತೆಗೇ ಬಂದಿತ್ತು.

"ಹಿಟ್ಟು ಕೇಳ್ಕೊಂಡು ಬಂದೋರ ಹತ್ರ ದುಡ್ಡು ಕೇಳ್ಕೊಂಡು ಹೋಗೋದಾ? ಈ ಮನೇಲಿ ಅದು ಯಾವತ್ತೂ ಆಗಿಲ್ಲ" ಅಂದಳು ಅತ್ತೆ.

"ಈ ಮನೇಲಿ ಕಾರ್ಡೂ ಯಾವತ್ತೂ ಇರ್ಲಿಲ್ಲ ಅತ್ತೆ."

"ಅದನ್ನ ತಂದೋಳು ನೀನು."

"ಉಜ್ಜಿದೋರು?"

"ನಾನೇನು ಫ್ರಿಜ್ಜು ಕೇಳಿದ್ನಾ?"

"ಮಂಡಿ?"

ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಹೇಳ್ಬಿಟ್ಟೆ ಅಲ್ಲ! ಬಿಚ್ಚಿ ಕೊಟ್ಬಿಡ್ತೀನಿ ತಗೋ, ಅದನ್ನೂ ಮಾರು."

"ಅಮ್ಮಾ, ನೀನು ಸುಮ್ನಿರು" ಅಂದ ಗಂಡ. ಹೆಂಡತಿಯ ಕಡೆ ತಿರುಗಿ, "ನೀನೂ ಸ್ವಲ್ಪ ನೋಡ್ಕೊಂಡು ಮಾತಾಡು" ಅಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವನಿಗೆ ಅಭ್ಯಾಸ.

"ನೀವು ಹೇಳಿ, ಕೇಳ್ಲಾ ಬೇಡ್ವಾ?"

ಅವನು ತಟ್ಟೆಯಲ್ಲಿ ಬೆರಳಾಡಿಸಿದ. "ಕೇಳು. ಮೆತ್ತಗೆ ಕೇಳು."

ಹಾಗೆ ಶುರುವಾಯಿತು.

ಮೊದಲ ವಾರ ಮನೆ ಒಂದು ಹದಕ್ಕೆ ಬಂದ ಹಾಗೆ ಕಂಡಿತು. ದಿನದ ಕೊನೆಗೆ ಗಿರಣಿಯ ಕಲ್ಲೆತ್ತಿ, ಅಂಚಿನಲ್ಲಿ ಉಳಿದ ಹಿಟ್ಟನ್ನು ಪೊರಕೆಯಿಂದ ಗುಡಿಸಿ ತೆಗೆದರೆ ಒಂದು ಬೋಗುಣಿ ಆಗುತ್ತಿತ್ತು. ಅದು ಗಿರಣಿ ಮನೆಯ ಪಾಲು. ಯಾರ ಮನೆಯ ಗೋಧಿ, ಯಾರ ಮನೆಯ ಜೋಳ ಎಂದು ಹೇಳಲಾಗದ ಆ ಕಲಬೆರಕೆ ಹಿಟ್ಟಿನ ರೊಟ್ಟಿ ಬೆಳಿಗ್ಗೆ, ಅದೇ ರೊಟ್ಟಿ ರಾತ್ರಿ. ಜೊತೆಗೆ ಆಲೂಗಡ್ಡೆ, ಇಲ್ಲವೇ ನೀರಾದ ಬೇಳೆ.

"ಅಮ್ಮ, ಈ ಬೇಳೇಲಿ ನನ್ನ ಮುಖ ಕಾಣ್ಸತ್ತೆ" ಅಂದಳು ಮಗಳು.

"ಹಂಗಾದ್ರೆ ತಲೆ ಬಾಚ್ಕೊ."

ಮೈದುನ ಮೊದಲ ವಾರದ ದುಡ್ಡು ಕೊಟ್ಟ. ಎರಡನೆಯ ವಾರ ಅರ್ಧ ಕೊಟ್ಟ. ಮೂರನೆಯ ವಾರ ವ್ಯಾನಿನ ಟೈರು ಸವೆದಿದೆ ಅಂದ.

"ಟೈರು ಸವೆಯತ್ತೆ ಅತ್ತಿಗೆ, ನಾನೇನು ತಿಂದ್ನಾ?"

"ನಿಮ್ಮ ಫೋನಿನ ಬಡ್ಡಿನೂ ಬೆಳೀತಿದೆ, ಅದನ್ನ ನಾನು ತಿಂದ್ನಾ?"

"ವಾಪಸ್ ತಗೊಳ್ಳಿ ಫೋನು. ದಾರಿ ತಪ್ಪಿ ಎಲ್ಲಾದ್ರೂ ಹೋದ್ರೆ ಆಮೇಲೆ ನನ್ನ ಹುಡುಕೋಕೆ ಬನ್ನಿ."

"ಹುಡುಕೋಕೆ ಬರಲ್ಲ ಬಿಡಿ, ಒಂದು ತಟ್ಟೆ ಉಳಿಯತ್ತೆ."

ವಾರದ ರಜೆಯ ದಿನ ಅವಳು ಕೇರಿ ಹಿಡಿದು ಹೊರಟಳು. ಮೇಷ್ಟರು ಬಾಗಿಲಲ್ಲೇ ಎಣಿಸಿ ಕೊಟ್ಟು, ಒರೆಸುವುದನ್ನು ನೋಡಲು ಗಿರಣಿಯವರೆಗೂ ಹಿಂದೆ ಬಂದರು. ಕ್ಷೌರಿಕ, "ಕೇಳಿದ್ದು ಒಳ್ಳೇದಾಯ್ತು ತಾಯಿ, ಆ ಬಾಚಣಿಗೆ ನೋಡಿ ನೋಡಿ ನನಗೇ ತಲೆ ಕೆರೀತಿತ್ತು" ಎಂದು ಮುಕ್ಕಾಲು ಕೊಟ್ಟ. ಎಲ್ಲಕ್ಕಿಂತ ಉದ್ದದ ಸಾಲು ಟೀ ಅಂಗಡಿಯವನದು. ಅವನು ಗಂಡನ ಗೆಳೆಯ. ಅಂಗಡಿಯ ತಿಂಡಿಯ ಹಿಟ್ಟೆಲ್ಲ ಇಲ್ಲೇ ಬೀಸಿಸುತ್ತಿದ್ದ. ಅವನು ಕಾಸಿದ ಹಾಲನ್ನು ಎತ್ತಿ ಎತ್ತಿ ಸುರಿಯುತ್ತ ನಗುತ್ತಲೇ ಹೇಳಿದ:

"ಕೊಡೋಣ ಅಕ್ಕ. ಅದಕ್ಕೆ ಮುಂಚೆ ನಿಮ್ಮ ಯಜಮಾನ್ರು ಇಷ್ಟು ವರ್ಷ ಇಲ್ಲಿ ಕುಡಿದ ಟೀ ಲೆಕ್ಕ ಹಾಕೋಣ್ವಾ? ನನ್ನ ಹತ್ರ ಗೋಡೆ ಇಲ್ಲ ನೋಡಿ, ಬರೀ ಬಾಯಿಲೆಕ್ಕ."

ಬೆಂಚಿನ ಮೇಲಿದ್ದವರು ಲೋಟ ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಹಾಕಿ. ನಾನಿಲ್ಲೇ ನಿಂತಿರ್ತೀನಿ. ಎಷ್ಟು ಟೀ ಕುಡಿದ್ರೆ ಒಂದು ಡಬ್ಬ ಹಿಟ್ಟಾಗತ್ತೆ, ಬೆಂಚಲ್ಲಿರೋರೂ ಕೇಳ್ಲಿ."

ಅವನು ಅರ್ಧ ಕೊಟ್ಟ. ಉಳಿದರ್ಧದ ಬದಲಿಗೆ ಮಾರನೆಯ ದಿನದಿಂದ ಅಂಗಡಿಯ ಹಿಟ್ಟನ್ನು ಪೇಟೆಯಿಂದ ಮೂಟೆಯಲ್ಲಿ ತರಿಸತೊಡಗಿದ.

ಆ ವಾರದ ದುಡ್ಡನ್ನೂ ತನ್ನ ಸಂಬಳವನ್ನೂ ಸೇರಿಸಿ ಸೊಸೆ ಬ್ಯಾಂಕಿಗೆ ಹೋಗಿ ಕಾರ್ಡಿನ ಲೆಕ್ಕಕ್ಕೆ ಕಟ್ಟಿಬಂದಳು. ಮನೆಯಲ್ಲಿಟ್ಟರೆ ಯಾರಿಗಾದರೂ ಏನಾದರೂ ಬೇಕೆನಿಸುತ್ತದೆ ಎಂಬುದು ಅವಳ ಎಣಿಕೆ. ಕಾಲು ಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಆಗಿತ್ತು. ಎಷ್ಟೋ ತಿಂಗಳಿಂದ ಏರುತ್ತಲೇ ಇದ್ದ ಅಂಕಿ ಮೊದಲ ಸಲ ಇಳಿದಿತ್ತು. ಬಸ್ಸಿನಲ್ಲಿ ಅವಳು ಅದನ್ನು ಫೋನು ತೆಗೆದು ಮತ್ತೆ ಮತ್ತೆ ನೋಡಿಕೊಂಡಳು.

ಮನೆಯಲ್ಲಿ ಅತ್ತೆ ಬಾಯಿ ತುಂಬ ಮಾತಾಡುವುದನ್ನು ಬಿಟ್ಟಿದ್ದಳು. ಆಡಿದರೆ ಅದು ಬೇಳೆಗೋ ಒಲೆಗೋ ಆಡಿದ ಮಾತು. "ಬೇಯಪ್ಪ, ಬೇಗ ಬೇಯಿ. ಇಲ್ದಿದ್ರೆ ನಿನ್ನ ಮೇಲೂ ಬಡ್ಡಿ ಹಾಕ್ತಾರೆ." ಗಿರಣಿಗೆ ಬರುವ ಡಬ್ಬಗಳು ಕಡಿಮೆಯಾಗಿದ್ದವು. ಬಾಕಿ ಇದ್ದವರು ಬೀದಿಯ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಬಾಕಿ ತೀರಿಸಿದವರು ಮೊದಲಿನ ಹಾಗೆ ಜಗಲಿಯಲ್ಲಿ ಕೂತು ಎರಡು ಮಾತಾಡದೆ, ಬೀಸಿಸಿಕೊಂಡು, ದುಡ್ಡು ಎಣಿಸಿಟ್ಟು ಹೋಗುತ್ತಿದ್ದರು.

"ಊರೋರ ಕಣ್ಣಲ್ಲಿ ನಾವು ಬಡ್ಡಿ ಸಾಹುಕಾರ್ರು ಆಗ್ಬಿಟ್ವಿ" ಅಂದಳು ಅತ್ತೆ ಮಗನಿಗೆ, ಸೊಸೆಗೆ ಕೇಳಿಸುವ ಹಾಗೆ.

"ಸಾಹುಕಾರ್ರಾಗಿದ್ರೆ ಚೆನ್ನಾಗಿತ್ತು" ಅಂದಳು ಸೊಸೆ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಬ್ಯಾಂಕಿನ ಮುಂದೆ ನಾವು ಈರಭದ್ರರಾದ್ರೂ ಆಗಿದೀವಾ? ಎರಡೂ ಕಡೆ ಕೋಡಂಗಿನೇ."

ಸೂಲಗಿತ್ತಿಯ ವಿಷಯದಲ್ಲಿ ಸೊಸೆ ತಪ್ಪಿದಳು. ಅದು ಅವಳಿಗೂ ಗೊತ್ತಿತ್ತು. ತೊಟ್ಟಿಲ ಮುಂದಿನ ಗೀಟುಗಳು ಬಹಳ ಹಳೆಯವು. ಮುದುಕಿಗೆ ಈಗ ಹೆರಿಗೆಯ ಕೆಲಸವಿಲ್ಲ, ಹೆರುವವರೆಲ್ಲ ಆಸ್ಪತ್ರೆಗೆ ಹೋಗುತ್ತಾರೆ. ಆದರೆ ತಿಂಗಳ ಕೊನೆ ಹತ್ತಿರ ಬಂದಿತ್ತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾಗ ಬಾಯಿ ತಪ್ಪಿ ಅಂದುಬಿಟ್ಟಳು:

"ಅಜ್ಜಿ, ನಿಮ್ಮದೂ ಸ್ವಲ್ಪ ಇದೆ ಗೋಡೇಲಿ. ಆದಾಗ ನೋಡಿ."

"ಅಯ್ಯೋ, ಹೌದಲ್ಲವ್ವಾ!" ಅಂದಳು ಮುದುಕಿ. ಅಷ್ಟೇ.

ಮರುದಿನ ಸೊಸೆ ಕೆಲಸ ಮುಗಿಸಿ ಬಂದಾಗ ನಡುಮನೆಯಲ್ಲಿ ಒಂದು ತಾಮ್ರದ ಹಂಡೆ ಕೂತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಬೆಳಗಿಸಿದ ಹಂಡೆ. ಅದರ ಪಕ್ಕ ಅತ್ತೆ.

"ಇದೇನು ಗೊತ್ತಾ?" ಅಂದಳು ಅತ್ತೆ.

ಸೊಸೆ ಊಟದ ಡಬ್ಬ ಕೆಳಗಿಟ್ಟಳು.

"ನಿನ್ನ ಗಂಡ ಹುಟ್ಟಿದ ದಿನ ಇದರಲ್ಲೇ ನೀರು ಕಾಯ್ಸಿದ್ಲು ಅವಳು. ಕಾಲು ಮುಂದಾಗಿ ಬಂದಿದ್ದ. ನನ್ನ ಕೈಬಿಟ್ಟು ಹೋಗಿದ್ರೆ ಇವತ್ತು ನಿನಗೆ ಗಂಡನೂ ಇಲ್ಲ, ಅತ್ತೆನೂ ಇಲ್ಲ. ಹೊತ್ಕೊಂಡು ಬಂದು ಇಟ್ಟು ಹೋದ್ಲು. ಬಾಕಿಗೆ ಆಗತ್ತಾ ನೋಡಿ ಅಂತ ಕೇಳಿದ್ಲು. ನನ್ನ ಹತ್ರ ಕೇಳಿದ್ಲು!"

"ವಾಪಸ್ ಕೊಟ್ಬಿಡೋಣ ಅತ್ತೆ. ನಾನೇ ಹೊತ್ಕೊಂಡು ಹೋಗ್ತೀನಿ."

"ಮುಟ್ಬೇಡ. ನಾನೇ ಕಳಿಸ್ತೀನಿ. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ನನ್ನ ಗಂಡನ್ನ ಆಡ್ಕೊಂಡಿದ್ದೆ ನಾನು. ಈಗ ಊರಿಗೂ ಮಾರಿ ಆದ್ವಿ."

"ಕೆಲಸ ಹೋಗತ್ತೆ ಅತ್ತೆ ನನ್ನದು."

"ಹೋಗ್ಲಿ. ಗಿರಣಿ ಇದೆ."

"ಗಿರಣಿ ಮೋಟಾರಿನ ಬಾಕಿನೂ ನನ್ನ ಹೆಸರಲ್ಲೇ ಇದೆ!"

ಅತ್ತೆ ಕುಂಟುತ್ತ ಎದ್ದು ಹೋಗಿ, ಮಗನನ್ನು ಗಿರಣಿಯೊಳಗೆ ಕರೆದುಕೊಂಡು ಬಹಳ ಹೊತ್ತು ಏನೋ ಮಾತಾಡಿದಳು.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಹೆಚ್ಚಿಗೆ ಕೆಲಸದ ಹಣ ಕೈಗೆ ಬಂತು. ಅದನ್ನು ಕಟ್ಟಿ, ನಡುಮನೆಯ ಫ್ರಿಜ್ಜು ಕೊಳ್ಳುತ್ತೇನೆಂದ ಕಾರ್ಖಾನೆಯ ಗೆಳತಿಯಿಂದ ದುಡ್ಡು ಇಸಿದುಕೊಂಡರೆ ಕಾಲು ಭಾಗ ಸರಿಯಾಗಿ ತುಂಬುತ್ತದೆ ಎಂದು ಸೊಸೆ ಅಂಗಿ ಮಡಚುತ್ತಲೇ ಲೆಕ್ಕ ಹಾಕುತ್ತಿದ್ದಳು. ಮೇಜಿನ ಕೆಳಗಿಟ್ಟಿದ್ದ ಫೋನು ನಡುಗಿತು. ಬ್ಯಾಂಕಿನ ಸಂದೇಶ. ಹಿಂದೆ ಕಟ್ಟಿದ್ದಕ್ಕೆ ರಸೀತಿ ಇರಬೇಕು ಎಂದು ತೆಗೆದಳು. ಬಣ್ಣದ ಅಂಗಡಿಯೊಂದರಲ್ಲಿ ಅವಳ ಲೆಕ್ಕದ ಜೊತೆ ಕಾರ್ಡಿನಿಂದ ಖರ್ಚಾಗಿತ್ತು. ಅವಳು ತುಂಬಿದ್ದರಲ್ಲಿ ಮುಕ್ಕಾಲು ಪಾಲು. ನೋಡುತ್ತಿದ್ದಂತೆ ಇನ್ನೊಂದು ಬಂತು. ಬೋರ್ಡು ಬರೆಯುವ ಅಂಗಡಿ.

ಪಿನ್ನು ಅಂಗಿಗೆ ಹೋಗುವ ಬದಲು ಹೆಬ್ಬೆರಳಿಗೆ ಹೋಯಿತು. ಬಿಳಿ ಅಂಗಿ. ಕಲೆಯಾದ ಅಂಗಿಯ ಬೆಲೆಯನ್ನು ಸಂಬಳದಲ್ಲಿ ಹಿಡಿಯುತ್ತಾರೆ.

ಅವಳು ಬಸ್ಸಿಳಿದು ಬಂದಾಗ ಗಿರಣಿ ದೂರಕ್ಕೇ ಹೊಳೆಯುತ್ತಿತ್ತು. ಮುಂಬದಿಗೆ ಹಳದಿ, ಬಾಗಿಲಿಗೆ ಹಸಿರು, ಮೇಲೆ ಕೆಂಪು ಅಕ್ಷರದ ಹೊಸ ಬೋರ್ಡು. ಒಳಗೆ ಹೋದಳು. ಒಳಗೋಡೆ ಬೆಳ್ಳಗಿತ್ತು. ಬಾಚಣಿಗೆಯಿಲ್ಲ, ಕನ್ನಡಕವಿಲ್ಲ, ಲೋಟವಿಲ್ಲ, ತೊಟ್ಟಿಲಿಲ್ಲ. ಹೊಸ ಬಣ್ಣದ ವಾಸನೆ ಹಿಟ್ಟಿನ ವಾಸನೆಯನ್ನು ನುಂಗಿ ಕೂತಿತ್ತು. ಗಂಡ ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದ.

"ಬೀಸಿ ಹೋಗಿತ್ತಲ್ಲ ಕಾರ್ಡು?" ಅಂದಳು.

ಅವನು ಕುಂಚವನ್ನು ಇನ್ನಷ್ಟು ಜೋರಾಗಿ ತೊಳೆದ. "ಸಿಕ್ತು. ಮೋಟಾರಿನ ಡಬ್ಬದ ಹಿಂದೆ."

"ಯಾವಾಗ ಸಿಕ್ತು?"

"ಯಾವಾಗಾದ್ರೂ ಸಿಕ್ಲಿ. ಜನ ಬರೋದು ನಿಂತೋಗಿದೆ ನೋಡ್ತಿಲ್ವಾ? ಗಿರಣಿ ಚೆನ್ನಾಗಿ ಕಂಡ್ರೆ ಮತ್ತೆ ಬರ್ತಾರೆ. ಬಂದ್ರೆ ದುಡ್ಡು. ದುಡ್ಡು ಬಂದ್ರೆ ನಿನ್ನ ಸಾಲ. ನೀನು ಕಟ್ಟಿದ್ಯಲ್ಲ, ಅದಕ್ಕೇ ಕಾರ್ಡಲ್ಲಿ ಮತ್ತೆ ಖರ್ಚಿಗೆ ಜಾಗ ಇತ್ತು."

"ಜಾಗ ಇತ್ತು."

"ಅದನ್ನೇ ಹೇಳ್ತಿರೋದು."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ನಿಮ್ಮ ಮಗಳು ನೀರು ಬೇಳೆ ಕುಡಿದು ಉಳಿಸಿದ್ದು ರೀ ಅದು. ಅದನ್ನ ಗೋಡೆಗೆ ಬಳಿದ್ರಾ?"

ಗದ್ದಲಕ್ಕೆ ಅತ್ತೆ ಬಂದಳು, ಹಿಂದೆ ಮಗಳು. ಅತ್ತೆಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ನೆಮ್ಮದಿ ಇತ್ತು.

"ಅವನನ್ನ ಯಾಕೆ ಅಂತೀಯ? ನಾನು ಹೇಳಿದ್ದು. ಎಲ್ಲರದ್ದೂ ತೀರಿತು. ಸೂಲಗಿತ್ತಿಗೂ ಹೇಳಿ ಕಳ್ಸಿದೀನಿ, ಹಂಡೆನೂ ಹೋಯ್ತು. ಇನ್ನು ನೀನು ಯಾರ ಮನೆ ಬಾಗಿಲಿಗೂ ಹೋಗೋ ಹಾಗಿಲ್ಲ."

"ಬಣ್ಣಕ್ಕೆ ದುಡ್ಡೆಲ್ಲಿಂದ ಬಂತು ಕೇಳಿದ್ರಾ ಅತ್ತೆ?"

"ಸುಣ್ಣಕ್ಕೆ ಎಷ್ಟು ಮಹಾ ಆಗತ್ತೆ? ಗಲ್ಲಾಪೆಟ್ಟಿಗೇಲಿದ್ದದ್ದು..." ಅತ್ತೆ ಮಗನ ಕಡೆ ನೋಡಿದಳು. ಅವನು ಕುಂಚ ನೋಡುತ್ತಿದ್ದ. "ನಾನು ಸುಣ್ಣ ಹೊಡಿ ಅಂದಿದ್ದೆ. ಬಣ್ಣ ಅಂದಿರ್ಲಿಲ್ಲ. ಬೋರ್ಡೂ ಅಂದಿರ್ಲಿಲ್ಲ. ಎಲ್ಲಿಂದ ತಂದ್ಯೋ?"

"ಕಾರ್ಡಿತ್ತಲ್ಲ ಅಜ್ಜಿ" ಅಂದಳು ಮಗಳು. ಈ ಸಲ ಯಾರೂ ನಗಲಿಲ್ಲ.

ಬ್ಯಾಂಕಿನ ಹುಡುಗಿಗೆ ಮರುದಿನ ಫೋನು ಮಾಡಿದ್ದಾಯಿತು. ಹೊಸ ಖರ್ಚು ಬಿದ್ದಿದೆಯಲ್ಲ ಮೇಡಂ, ಆ ಮಾತು ಈಗ ಇಲ್ಲ, ಪೂರ್ತಿ ಬಾಕಿ ಹಳೆಯ ಬಡ್ಡಿಯಲ್ಲೇ ನಡೆಯುತ್ತದೆ ಎಂದು ಅದೇ ಮೆತ್ತನೆಯ ದನಿಯಲ್ಲಿ ಹೇಳಿದಳು. ಜೊತೆ ಕಾರ್ಡನ್ನು ಮುಚ್ಚಿಸಿದ್ದೇವೆ, ಇನ್ನೇನಾದರೂ ಸಹಾಯ ಬೇಕೆ ಎಂದೂ ಕೇಳಿದಳು. ಸೊಸೆ ಮ್ಯಾನೇಜರ ಮುಂದೆ ನಿಂತು, ತಿಂಗಳು ತಿಂಗಳು ಸಂಬಳದಿಂದ ನೇರವಾಗಿ ಬ್ಯಾಂಕಿಗೆ ಹಣ ಹೋಗುವ ಹಾಗೆ ಬರೆದುಕೊಡುತ್ತೇನೆ, ಫೋನು ಬರದ ಹಾಗೆ ಅವರ ಹತ್ತಿರ ಮಾತಾಡಿದ್ದೇನೆ, ಕೆಲಸದಿಂದ ಮಾತ್ರ ತೆಗೆಯಬೇಡಿ ಎಂದು ಬೇಡಿಕೊಂಡಳು. ಸಂಬಳದ ಮೂರರಲ್ಲಿ ಎರಡು ಪಾಲು ಹೋಗುತ್ತದೆ. ಹೀಗೇ ಕಟ್ಟಿದರೆ ಮಗಳು ಶಾಲೆ ಮುಗಿಸಿ ಎಷ್ಟೋ ವರ್ಷದ ಮೇಲೆ ತೀರುತ್ತದೆ. ಮ್ಯಾನೇಜರು ಸಹಿ ಹಾಕಿದ. "ಆ ರಕ್ತದ ಅಂಗಿದೂ ಇದರಲ್ಲೇ ಹಿಡೀತೀನಿ" ಅಂದ.

ರಾತ್ರಿ ಬಡಿಸುವಾಗ ಸೊಸೆ ಅಷ್ಟು ಮಾತ್ರ ಹೇಳಿದಳು: "ಈ ತಿಂಗಳಿಂದ ನನ್ನ ಸಂಬಳ ಅಡುಗೆಮನೆಗೆ ಬರಲ್ಲ. ಉಪ್ಪು, ಎಣ್ಣೆ, ಫೀಸು ಎಲ್ಲ ಗಿರಣಿಯಿಂದ ಆಗ್ಬೇಕು."

"ಗಿರಣೀಲಿ ಏನಿದೆ?" ಅಂದ ಗಂಡ.

"ಬಣ್ಣ ಇದೆ."

ಬೆಳಗಿನ ಬೆಳಕು ಹರಿಯುತ್ತಿದ್ದಾಗ, ಕಾರ್ಖಾನೆಯ ಬಸ್ಸಿಗೆ ಇನ್ನೂ ಹೊತ್ತಿದೆ ಅನ್ನುವಾಗ, ಅವಳು ಗಿರಣಿಯ ಬಾಗಿಲು ತೆಗೆದು ಒಳಗೆ ಹೋದಳು. ಸೀಮೆಸುಣ್ಣ ಬಿಳಿಯ ಗೋಡೆಯ ಮೇಲೆ ಕಾಣುವುದಿಲ್ಲ. ಒಲೆಯಿಂದ ಇದ್ದಿಲು ತಂದಳು. ಕಾಳು ಸುರಿಯುವ ಬಾಯಿಯ ಪಕ್ಕ, ಮಾವ ಮೊದಲ ಗುರುತು ಹಾಕುತ್ತಿದ್ದ ಎತ್ತರಕ್ಕೆ, ಒಂದರ ಮೇಲೊಂದು ಎರಡು ಗುಂಡನೆಯ ಬೀಸುವ ಕಲ್ಲು ಬರೆದಳು. ಅದರ ಮುಂದೆ ಗೀಟು ಎಳೆಯತೊಡಗಿದಳು. ನಾಲ್ಕು, ಅಡ್ಡ ಒಂದು. ನಾಲ್ಕು, ಅಡ್ಡ ಒಂದು. ಸಾಲು ಬಾಗಿಲು ಮುಟ್ಟಿತು. ಕೆಳಗೆ ಇನ್ನೊಂದು ಸಾಲು ಶುರುಮಾಡಿದಳು. ಮೂರನೆಯದರ ನಡುವಿಗೆ ಇದ್ದಿಲು ಪುಡಿಯಾಯಿತು, ಮತ್ತೊಂದು ತಂದಳು.

ಗಂಡ ಹಲ್ಲುಜ್ಜುತ್ತ ಬಂದವನು ಬಾಯಿಯ ನೊರೆ ಉಗಿಯುವುದನ್ನೂ ಮರೆತ.

"ಏನೇ ಇದು! ಮೊನ್ನೆ ಬಳಿದ ಗೋಡೆ!"

"ಒರೆಸಿ. ಒರೆಸಿದ್ರೆ ತೀರಿತು ಅಂತ ತಾನೆ ಲೆಕ್ಕ? ಒರೆಸಿ, ಹಾಗೇ ಬ್ಯಾಂಕಿಗೂ ಹೋಗಿ ಹೇಳ್ಬಿಟ್ಟು ಬನ್ನಿ."

ಅವನು ಮೊಳೆಗೆ ತೂಗುಬಿಟ್ಟಿದ್ದ ಒರೆಸುವ ಬಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದಳು. ಅವಳು ಮೊದಲು ಗುರುತನ್ನು ನೋಡಿದಳು. ಎರಡು ಕಲ್ಲು. ಆಮೇಲೆ ಸಾಲು ಹಿಡಿದು ಬಾಗಿಲಿನವರೆಗೆ ಕಣ್ಣು ಹಾಯಿಸಿದಳು. ತುಟಿ ಅಲ್ಲಾಡುತ್ತಿತ್ತು, ಐದು ಐದಾಗಿ ಎಣಿಸುತ್ತಿದ್ದಳು. ಎರಡನೆಯ ಸಾಲಿನ ಅರ್ಧಕ್ಕೆ ಎಣಿಕೆ ಬಿಟ್ಟಳು. ಮಗನ ಕೈಯಿಂದ ಬಟ್ಟೆ ಕಿತ್ತುಕೊಂಡಳು.

"ತೀರದ್ದನ್ನ ಒರೆಸಬಾರದು" ಅಂದಳು.

"ನೀನೇ ತಾನೆ ಅಮ್ಮ ಮೊನ್ನೆ..."

"ಬಾಯಿ ತೊಳ್ಕೊ ಹೋಗು."

ಸೂಲಗಿತ್ತಿ ಮುದುಕಿ ಆ ಹೊತ್ತಿಗೇ ಸಣ್ಣದೊಂದು ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಬಾಕಿಯಿಲ್ಲದ ಧೈರ್ಯದಲ್ಲಿ ನೇರವಾಗಿ ಒಳಗೇ ನಡೆದುಬಂದಳು. ಡಬ್ಬ ಇಳಿಸಿ, ಸೊಂಟ ಹಿಡಿದುಕೊಂಡು ಗೋಡೆಯ ಕಡೆ ತಲೆಯೆತ್ತಿದಳು. ಕರೀ ಗೀಟುಗಳ ಮೇಲೆ ಬೆರಳಾಡಿಸುತ್ತ ಬಾಗಿಲಿನವರೆಗೆ ಹೋಗಿ ತಿರುಗಿ ಬಂದಳು.

"ಎಲ್ಲರದ್ದೂ ತೀರಿತು ಅಂತ ಹೇಳಿ ಕಳ್ಸಿದ್ರಲ್ಲವ್ವಾ. ಇದ್ಯಾರದ್ದು? ಅಬ್ಬಾ, ಇಷ್ಟೊಂದು ಯಾರು ತಿಂದ್ರು?"

ಬೀದಿಯ ತುದಿಯಲ್ಲಿ ಕಾರ್ಖಾನೆಯ ಬಸ್ಸು ಹಾರನ್ನು ಹೊಡೆಯಿತು. ಸೊಸೆ ಇದ್ದಿಲ ಕೈಯನ್ನು ಸೀರೆಗೆ ಒರೆಸಿಕೊಂಡು, ಊಟದ ಡಬ್ಬ ಎತ್ತಿಕೊಂಡು ಹೊಸ್ತಿಲು ದಾಟಿದಳು. ಅತ್ತೆ ಏನೂ ಹೇಳುವುದಿಲ್ಲ ಎಂದುಕೊಂಡು ಎರಡು ಹೆಜ್ಜೆ ನಡೆದಿದ್ದಳು.

"ನಾವೇ" ಅಂದಳು ಅತ್ತೆ.

ತಿರುಗಿ ನೋಡಿದಾಗ ಅತ್ತೆ ಆ ಬಟ್ಟೆಯನ್ನು, ಒಣಗಿದ್ದು ಒಣಗಿದ ಹಾಗೇ, ಮೊಳೆಗೆ ತೂಗುಹಾಕುತ್ತಿದ್ದಳು.